ಕಾಂಪೌಂಡಿನ ಆಚೆ ಬಿದ್ದ ವಿಮಾನ ಯಾರದು? ಒಂದು ಬಹಿರಂಗ ಪತ್ರ

ರಾಜ್ಯ ಸರ್ಕಾರದ ಗೃಹ, ಕಂದಾಯ ಮತ್ತು ನಗರಾಭಿವೃದ್ಧಿ ಇಲಾಖೆಗಳ ಅಧಿಕಾರಿಗಳಿಗೆ, ವಿಮಾನ ನಿಲ್ದಾಣ ಇರುವ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ, ಮತ್ತು ನಿಲ್ದಾಣದ ಕಾಂಪೌಂಡಿನ ಪಕ್ಕದಲ್ಲೇ ಮನೆ, ಹೊಲ, ಅಂಗಡಿ ಇಟ್ಟುಕೊಂಡಿರುವ ಎಲ್ಲರಿಗೂ,

ನಮಸ್ಕಾರ.

ನಾನು ವಿಮಾನ ನಿಲ್ದಾಣದ ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡುತ್ತೇನೆ. ತುಂಬ ವರ್ಷಗಳಾದವು. ನಿಲ್ದಾಣ ದೊಡ್ಡದು, ಹೆಸರು ಹೇಳುವುದಿಲ್ಲ. ಹೇಳಿದರೆ ಪತ್ರದ ವಿಷಯ ಪಕ್ಕಕ್ಕೆ ಹೋಗಿ ನನಗೆ ಬರುವ ನೋಟಿಸೇ ವಿಷಯ ಆಗುತ್ತದೆ.

ನಮ್ಮ ಕೆಲಸ ಏನು ಅಂತ ನೆಂಟರಿಗೂ ಸರಿಯಾಗಿ ಗೊತ್ತಿಲ್ಲ. ಮದುವೆ ಮನೆಯಲ್ಲಿ ಸಿಕ್ಕವರು ಕೇಳುತ್ತಾರೆ: "ವಿಮಾನಕ್ಕೆ ದಿನಾ ಬೆಂಕಿ ಬೀಳುತ್ತಾ? ಉಳಿದ ಟೈಮಲ್ಲಿ ಏನ್ ಮಾಡ್ತೀರಿ?" ಬೆಂಕಿ ದಿನಾ ಬೀಳುವುದಿಲ್ಲ, ದೇವರ ದಯೆ. ಆದರೆ ಕೆಲಸ ದಿನಾ ಇರುತ್ತದೆ. ಬ್ರೇಕ್ ಕಾದು ಹೊಗೆ ಬಂದ ವಿಮಾನ, ಇಂಧನ ಚೆಲ್ಲಿದ ಜಾಗ, ಹಕ್ಕಿ ಬಡಿದು ವಾಪಸ್ ಬರುವ ವಿಮಾನ, ಬೇಸಿಗೆಯಲ್ಲಿ ರನ್‌ವೇ ಪಕ್ಕದ ಒಣಹುಲ್ಲಿಗೆ ಬಿದ್ದ ಬೆಂಕಿ. ಮೊದಲ ಸಲ ಬಂದ ವಿಮಾನಕ್ಕೆ ಎರಡೂ ಕಡೆಯಿಂದ ನೀರಿನ ಕಮಾನು ಹಾರಿಸುವುದೂ ನಾವೇ. ಆ ಫೋಟೋ ಮಾತ್ರ ಎಲ್ಲರಿಗೂ ಗೊತ್ತು! ಉಳಿದಂತೆ ಪ್ರತಿ ಪಾಳಿಯ ಶುರುವಿನಲ್ಲಿ ವಾಹನ ಓಡಿಸಿ ನೋಡುತ್ತೇವೆ, ಪಂಪ್ ಹಾಕಿ ನೋಡುತ್ತೇವೆ, ಉಸಿರಾಟದ ಸಿಲಿಂಡರ್ ಎಷ್ಟು ತುಂಬಿದೆ ನೋಡುತ್ತೇವೆ. ಆಮೇಲೆ ಕಾಯುತ್ತೇವೆ. ಕಂಟ್ರೋಲ್ ಟವರ್‌ನಿಂದ ನಮ್ಮ ವಾಚ್ ರೂಂಗೆ ನೇರ ಫೋನ್ ಇದೆ. ಕ್ರಾಶ್ ಬೆಲ್ ಬಾರಿಸಿದರೆ ಊಟದ ತಟ್ಟೆ ಅಲ್ಲೇ ಇರುತ್ತದೆ, ನಾವು ಗಾಡಿಯಲ್ಲಿರುತ್ತೇವೆ.

ನಮಗೆ ಕೊಟ್ಟಿರುವ ಟೈಮು ಮೂರು ನಿಮಿಷ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮ ಇದು. ಮೊದಲ ಕರೆ ಬಂದಾಗಿನಿಂದ ಮೂರು ನಿಮಿಷ ದಾಟುವುದರೊಳಗೆ ಮೊದಲ ವಾಹನ ರನ್‌ವೇಯ ಯಾವ ಮೂಲೆಗಾದರೂ ತಲುಪಿ ಫೋಮ್, ಅಂದರೆ ಬೆಂಕಿ ಆರಿಸುವ ನೊರೆ, ಎರಚಲು ಶುರು ಮಾಡಿರಬೇಕು. ಎರಡೇ ನಿಮಿಷದಲ್ಲಿ ಆದರೆ ಇನ್ನೂ ಒಳ್ಳೆಯದು. ಇದಕ್ಕೊಂದು ಕಾರಣ ಇದೆ. ಉರಿಯುವ ಇಂಧನದ ಮಧ್ಯೆ ನಿಂತ ವಿಮಾನದ ಅಲ್ಯೂಮಿನಿಯಂ ಹೊರಮೈ ಸುಮಾರು ಒಂದು ನಿಮಿಷದಲ್ಲೇ ತೂತಾಗಬಹುದು. ಅಲ್ಲಿಂದ ಬೆಂಕಿ ಒಳಗೆ ಹೋಗುತ್ತದೆ. ಬೆಂಕಿಗಿಂತ ಮೊದಲು ಹೊಗೆ ಹೋಗುತ್ತದೆ. 1985ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ರನ್‌ವೇ ಮೇಲೆ ಓಡುತ್ತಿದ್ದ ಒಂದು ವಿಮಾನದ ಇಂಜಿನ್‌ಗೆ ಬೆಂಕಿ ಬಿತ್ತು. ಅದು ನೆಲ ಬಿಟ್ಟು ಮೇಲೇರಿಯೇ ಇರಲಿಲ್ಲ. ಆದರೂ 55 ಜನ ಸತ್ತರು, ಹೆಚ್ಚಿನವರು ಹೊಗೆಯಿಂದ.

ಈ ಮೂರು ನಿಮಿಷಕ್ಕಾಗಿ ಎಷ್ಟು ಖರ್ಚು ಮಾಡುತ್ತಾರೆ ನೋಡಿ. ವಿಮಾನದ ಉದ್ದ ಮತ್ತು ಅದರ ಒಡಲಿನ ಅಗಲ ನೋಡಿ ನಿಲ್ದಾಣಕ್ಕೆ 1ರಿಂದ 10ರವರೆಗೆ ಅಗ್ನಿಶಾಮಕ ದರ್ಜೆ ಕೊಡುತ್ತಾರೆ. ಬೆಂಗಳೂರಿಗೆ 2022ರ ಅಕ್ಟೋಬರ್‌ನಿಂದ ಎ380 ಬರುತ್ತಿದೆ, ಎರಡು ಅಂತಸ್ತಿನ ಆ ದೈತ್ಯ. ಅದಕ್ಕೆ 10ನೇ ದರ್ಜೆ ಬೇಕು. ಅಂದರೆ ಕನಿಷ್ಠ ಮೂರು ದೊಡ್ಡ ವಾಹನ, ಅವುಗಳಲ್ಲಿ ಒಟ್ಟು 30 ಸಾವಿರ ಲೀಟರಿಗೂ ಜಾಸ್ತಿ ನೀರು, ನಿಮಿಷಕ್ಕೆ 11 ಸಾವಿರ ಲೀಟರ್ ಎರಚುವ ಶಕ್ತಿ. ಒಂದೊಂದು ಗಾಡಿಯ ಬೆಲೆ ಕೋಟಿಗಳಲ್ಲಿ. ನೀರು ತುಂಬಿ 30 ಟನ್ ದಾಟಿದ ಗಾಡಿ ನಿಂತಲ್ಲಿಂದ 40 ಸೆಕೆಂಡಿನೊಳಗೆ 80 ಕಿಲೋಮೀಟರ್ ವೇಗ ಹಿಡಿಯಬೇಕು. ಹಿಡಿಯುತ್ತದೆ ಕೂಡ. ನಾನೇ ಓಡಿಸಿದ್ದೇನೆ, ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಇಷ್ಟೆಲ್ಲ ಕಾಂಪೌಂಡಿನ ಒಳಗೆ. ಈ ಪತ್ರ ಕಾಂಪೌಂಡಿನ ಆಚೆಯ ಬಗ್ಗೆ.

ಕರ್ನಾಟಕ ನೋಡಿದ ಎರಡು ದೊಡ್ಡ ವಿಮಾನ ದುರಂತಗಳನ್ನು ನೆನಪು ಮಾಡಿಕೊಳ್ಳಿ. 1990ರ ಫೆಬ್ರುವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ಎ320 ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯಬೇಕಿತ್ತು. ರನ್‌ವೇ ಮುಟ್ಟುವ ಮೊದಲೇ ಪಕ್ಕದ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ನಿಲ್ದಾಣದ ಗೋಡೆಯ ಹೊರಗೇ ಹೊತ್ತಿ ಉರಿಯಿತು. 146 ಜನರಲ್ಲಿ 92 ಜನ ಸತ್ತರು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕೆಳಗಿನ ಕಣಿವೆಗೆ ಬಿತ್ತು. 166 ಜನರಲ್ಲಿ 158 ಜನ ಹೋದರು. ಎರಡೂ ಸಲ ವಿಮಾನ ಬಿದ್ದದ್ದು ಕಾಂಪೌಂಡಿನ ಹೊರಗೆ. ರನ್‌ವೇಗೆ ಕೂಗಿದರೆ ಕೇಳುವಷ್ಟು ಹತ್ತಿರ, ಆದರೆ ಹೊರಗೆ.

1990ರ ಲೆಕ್ಕವನ್ನು ನಾನು ಬೇರೆ ರೀತಿ ಓದುತ್ತೇನೆ. 92 ಜನ ಸತ್ತರು ಎಂದು ಎಲ್ಲರೂ ಹೇಳುತ್ತಾರೆ. 54 ಜನ ಬದುಕಿದರು ಎನ್ನುವುದು ನನಗೆ ಮುಖ್ಯ. ಅಷ್ಟು ಜನ ಬದುಕಿದ್ದಾರೆ ಎಂದರೆ ನೆಲಕ್ಕೆ ಬಿದ್ದ ಪೆಟ್ಟು ಎಲ್ಲರನ್ನೂ ಕೊಲ್ಲುವಂಥದ್ದಾಗಿರಲಿಲ್ಲ. ಇಂಥ ಅಪಘಾತದಲ್ಲೇ ನಮ್ಮ ಕೆಲಸಕ್ಕೆ ಬೆಲೆ. ಇಂಥ ಕಡೆಯೇ ಒಂದೊಂದು ನಿಮಿಷಕ್ಕೂ ತಲೆ ಲೆಕ್ಕ.

ಮಂಗಳೂರಿನಲ್ಲಿ ಬದುಕಿದ 8 ಜನ ಸೀಳಿದ ವಿಮಾನದ ಸಂದಿನಿಂದ ತಾವೇ ಹೊರಗೆ ಬಂದವರು. ಮೊದಲು ಅವರ ಕೈ ಹಿಡಿದದ್ದು ಊರಿನವರು. ನಿಲ್ದಾಣದ ದೊಡ್ಡ ಅಗ್ನಿಶಾಮಕ ವಾಹನಗಳು ಕಿರಿದಾದ, ತಿರುವು ತಿರುವಿನ ಇಳಿಜಾರು ರಸ್ತೆಯಲ್ಲಿ ಸುತ್ತಿಕೊಂಡು ಹೋಗಬೇಕಾಯಿತು. ಅಷ್ಟರಲ್ಲಿ ಅದೇ ರಸ್ತೆಗೆ ನೋಡಲು ಬಂದವರೂ ಸೇರಿದರು, ಸಹಾಯಕ್ಕೆ ಬಂದವರೂ ಸೇರಿದರು. ಆ ರಸ್ತೆಯನ್ನು ನೆನೆಸಿಕೊಂಡರೆ ಡ್ರೈವರ್ ಸೀಟಿನಲ್ಲಿ ಕೂತ ಯಾರಿಗೂ ಹೊಟ್ಟೆ ತೊಳೆಸುತ್ತದೆ.

ಈಗ 2025ರ ಜೂನ್ 12ಕ್ಕೆ ಬನ್ನಿ. ಅಹಮದಾಬಾದ್. ಲಂಡನ್‌ಗೆ ಹೊರಟ ಏರ್ ಇಂಡಿಯಾ 171 ಮೇಲೇರಿ ಅರ್ಧ ನಿಮಿಷದಲ್ಲೇ ಬಿ.ಜೆ. ಮೆಡಿಕಲ್ ಕಾಲೇಜಿನ ಹಾಸ್ಟೆಲ್ ಕಟ್ಟಡಗಳ ಮೇಲೆ ಬಿತ್ತು. ವಿಮಾನದಲ್ಲಿದ್ದ 242 ಜನರಲ್ಲಿ ಒಬ್ಬರೇ ಉಳಿದರು. ನೆಲದ ಮೇಲಿದ್ದ 19 ಜನ ಸತ್ತರು. ಮಧ್ಯಾಹ್ನದ ಊಟದ ಹೊತ್ತು, ಮೆಸ್ಸಿನಲ್ಲಿ ಹುಡುಗರು ತಟ್ಟೆ ಮುಂದೆ ಕೂತಿದ್ದರು.

ತನಿಖಾ ಸಂಸ್ಥೆಯ ಪ್ರಾಥಮಿಕ ವರದಿ ಜುಲೈನಲ್ಲಿ ಬಂತು. ಟಿವಿಯವರೆಲ್ಲ ಇಂಧನದ ಸ್ವಿಚ್ಚಿನ ಬಗ್ಗೆ ಮಾತಾಡಿದರು. ನಾವು ಕೆಲಸದವರು ಬೇರೆ ಒಂದು ಸಾಲಿನ ಮೇಲೆ ಬೆರಳಿಟ್ಟೆವು. ಮಧ್ಯಾಹ್ನ 1 ಗಂಟೆ 39 ನಿಮಿಷ 11 ಸೆಕೆಂಡಿಗೆ ವಿಮಾನದ ರೆಕಾರ್ಡಿಂಗ್ ನಿಂತಿದೆ. 1 ಗಂಟೆ 44 ನಿಮಿಷ 44 ಸೆಕೆಂಡಿಗೆ ಅಗ್ನಿಶಾಮಕ ವಾಹನ ನಿಲ್ದಾಣದ ಆವರಣ ಬಿಟ್ಟು ಹೊರಟಿದೆ. ನಡುವೆ ಐದೂವರೆ ನಿಮಿಷ. ಅದು ಹೊರಟ ಟೈಮು, ತಲುಪಿದ ಟೈಮು ಅಲ್ಲ.

ಆ ಸಿಬ್ಬಂದಿಯನ್ನು ನಾನು ದೂರುತ್ತಿಲ್ಲ. ದಯವಿಟ್ಟು ಯಾರೂ ಹಾಗೆ ಓದಬೇಡಿ. ಆ ಅಪಘಾತದಲ್ಲಿ ಬೇಗ ಹೋಗಿದ್ದರೆ ಪ್ರಯಾಣಿಕರು ಉಳಿಯುತ್ತಿದ್ದರು ಎಂದೂ ಹೇಳುತ್ತಿಲ್ಲ, 54 ಟನ್ ಇಂಧನ ತುಂಬಿಕೊಂಡು ಬಿದ್ದ ವಿಮಾನ ಅದು. ನನಗೆ ಗೊತ್ತಿರುವುದು ಒಂದೇ. ವಿಮಾನ ಹೊರಗೆ ಬಿದ್ದಾಗ ವಾಚ್ ರೂಮಿನಲ್ಲಿ ಒಟ್ಟಿಗೆ ಹತ್ತು ಪ್ರಶ್ನೆ ಏಳುತ್ತವೆ. ಎಲ್ಲಿ ಬಿತ್ತು? ಹೊಗೆ ಕಾಣುತ್ತದೆ, ಆದರೆ ಆ ಹೊಗೆಗೆ ದಾರಿ ಯಾವುದು? ಯಾವ ಗೇಟಿನಿಂದ ಹೋದರೆ ಹತ್ತಿರ? ಆ ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ? ಎಷ್ಟು ಗಾಡಿ ಕಳಿಸಬೇಕು?

ಈ ಕೊನೆಯ ಪ್ರಶ್ನೆ ಹೊರಗಿನವರಿಗೆ ಗೊತ್ತಿರುವುದಿಲ್ಲ, ಸ್ವಲ್ಪ ವಿವರಿಸುತ್ತೇನೆ. ನಮ್ಮ ಗಾಡಿಗಳು ಹೊರಗೆ ಹೋದ ಕ್ಷಣವೇ ನಿಲ್ದಾಣದ ಅಗ್ನಿಶಾಮಕ ದರ್ಜೆ ಬೀಳುತ್ತದೆ. 10 ಇದ್ದದ್ದು 7 ಆಗಬಹುದು, ಏನೂ ಇಲ್ಲದೆಯೂ ಹೋಗಬಹುದು. ದರ್ಜೆ ಬಿದ್ದರೆ ದೊಡ್ಡ ವಿಮಾನ ಇಳಿಯುವಂತಿಲ್ಲ, ಹಾರುವಂತಿಲ್ಲ. ಮೇಲೆ ಸುತ್ತುತ್ತಿರುವ ವಿಮಾನಗಳನ್ನು ಬೇರೆ ಊರಿಗೆ ಕಳಿಸಬೇಕು. ಅವುಗಳಲ್ಲೂ ಇಂಧನ ಕಮ್ಮಿ ಇರಬಹುದು, ಅವಕ್ಕೂ ಏನಾದರೂ ಆಗಬಹುದು. ಹಾಗಾಗಿ ಎಲ್ಲ ಗಾಡಿ ಒಟ್ಟಿಗೆ ಹೊರಗೆ ನುಗ್ಗುವುದು ಸುಲಭದ ತೀರ್ಮಾನ ಅಲ್ಲ. ಎಷ್ಟು ದೂರದವರೆಗೆ ಹೋಗಬೇಕು, ಎಷ್ಟು ಗಾಡಿ, ಯಾರ ಆದೇಶ ಬೇಕು ಎನ್ನುವುದು ಮೊದಲೇ ತೀರ್ಮಾನ ಆಗಿರಬೇಕು. ಬೆಲ್ ಹೊಡೆದ ಮೇಲೆ ಯೋಚನೆ ಮಾಡಲು ಕೂತರೆ ಅಲ್ಲೇ ಎರಡು ನಿಮಿಷ ಹೋಯಿತು.

ನಿಯಮ ಏನು ಹೇಳುತ್ತದೆ ಗೊತ್ತಾ? ರನ್‌ವೇ ತುದಿಯಿಂದ 1000 ಮೀಟರ್‌ವರೆಗೆ, ವಿಮಾನ ಇಳಿಯಲು ಬರುವ ದಾರಿಯ ಕೆಳಗೆ, ತುರ್ತು ವಾಹನ ಹೋಗುವಂಥ ರಸ್ತೆ ಇರಲಿ ಎಂದು ಅಂತರರಾಷ್ಟ್ರೀಯ ಶಿಫಾರಸು ಇದೆ. ಅದರ ಬೆನ್ನಿಗೇ, ಕಡೇಪಕ್ಷ ನಿಲ್ದಾಣದ ಗಡಿಯೊಳಗಾದರೂ ಇರಲಿ ಎಂದೂ ಸೇರಿಸಿದ್ದಾರೆ. ಇದು ಕಡ್ಡಾಯವೂ ಅಲ್ಲ, ಶಿಫಾರಸು. ಗಡಿಯೊಳಗಿನ ಭಾಗವನ್ನು ನಿಲ್ದಾಣದವರು ನೋಡಿಕೊಳ್ಳುತ್ತಾರೆ. ಆಡಿಟ್ ಮಾಡಲು ಬರುವವರು ಅದನ್ನೇ ಅಳೆಯುತ್ತಾರೆ. ಗಡಿಯ ಆಚೆಗಿನ ಉಳಿದ ದಾರಿ ಪಂಚಾಯಿತಿಯದು, ಲೋಕೋಪಯೋಗಿ ಇಲಾಖೆಯದು, ಹೆದ್ದಾರಿ ಪ್ರಾಧಿಕಾರದ್ದು. ಅದನ್ನು ಅಳೆಯಲು ಯಾರೂ ಬರುವುದಿಲ್ಲ.

ಅಧಿಕಾರಿಗಳೇ, ನನ್ನ ಮಾತು ಇಷ್ಟೇ. ಒಳಗಿನ ಮೂರು ನಿಮಿಷಕ್ಕೆ ಒಬ್ಬರು ಹೊಣೆ ಇದ್ದಾರೆ. ಹೊರಗಿನ ಮೊದಲ ಎರಡು ಮೂರು ಕಿಲೋಮೀಟರಿಗೆ ಒಬ್ಬರು ಹೊಣೆಗಾರರು ಬೇಕು. ಹೆಸರು, ಹುದ್ದೆ, ಫೋನ್ ನಂಬರ್ ಸಮೇತ.

ನೀವು ಕೇಳಬಹುದು, ತುರ್ತು ಯೋಜನೆ ಅಂತ ದಪ್ಪ ಪುಸ್ತಕ ಇದೆಯಲ್ಲ, ಅಣಕು ಕಾರ್ಯಾಚರಣೆ ನಡೆಯುತ್ತದಲ್ಲ ಅಂತ. ನಡೆಯುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ಣ ಪ್ರಮಾಣದ ಮಾಕ್ ಡ್ರಿಲ್ ಮಾಡಲೇಬೇಕು. ನಾನು ಹಲವು ಡ್ರಿಲ್‌ಗಳಲ್ಲಿದ್ದೆ. ಒಂದರ ಕಥೆ ಹೇಳುತ್ತೇನೆ. ಬೆಳಗ್ಗೆ 11ಕ್ಕೆ "ಅಪಘಾತ" ಅಂತ ಒಂದು ವಾರ ಮುಂಚೆಯೇ ಪತ್ರ ಹೋಗಿತ್ತು. 10 ಗಂಟೆಗೇ ಆಂಬುಲೆನ್ಸ್‌ಗಳು ಗೇಟ್ ಹತ್ತಿರ ಸಾಲಾಗಿ ನಿಂತಿದ್ದವು. ಡ್ರೈವರ್‌ಗಳು ಟೀ ಕುಡಿಯುತ್ತಿದ್ದರು. ವಿಮಾನ "ಬಿದ್ದ" ಜಾಗ ನಿಲ್ದಾಣದ ಒಳಗಿನ ಒಂದು ಖಾಲಿ ಮೂಲೆ, ಚೆನ್ನಾಗಿ ಡಾಂಬರು ಹಾಕಿದ್ದು. ಬಣ್ಣ ಬಳಿದುಕೊಂಡ ಗಾಯಾಳುಗಳು ನಗುವುದನ್ನು ತಡೆಯಲಾಗದೆ ಮಲಗಿದ್ದರು. ನಾವು ಎರಡು ನಿಮಿಷ ಚಿಲ್ಲರೆಗೆ ತಲುಪಿದೆವು. ಎಲ್ಲರೂ ಚಪ್ಪಾಳೆ ಹೊಡೆದರು. ಆದರೆ ಊರಿನ ಅಗ್ನಿಶಾಮಕ ಠಾಣೆಯವರ ವೈರ್‌ಲೆಸ್ಸಿಗೂ ನಮ್ಮ ವೈರ್‌ಲೆಸ್ಸಿಗೂ ಮಾತಿಲ್ಲ, ಪೊಲೀಸರದ್ದು ಮೂರನೆಯದು. ಪಕ್ಕಪಕ್ಕದಲ್ಲೇ ನಿಂತಿದ್ದರಿಂದ ಕೂಗಿ ಮಾತಾಡಿಕೊಂಡೆವು. ಹೊರಗೆ, ಗಲಾಟೆಯಲ್ಲಿ, ಹೊಗೆಯಲ್ಲಿ ಹಾಗೆ ಕೂಗಲು ಆಗುತ್ತದಾ?

ಇಂಥ ಡ್ರಿಲ್ ಸುಮ್ನೆ ದಂಡ ಎನ್ನುವುದಿಲ್ಲ. ಒಳಗಿನ ಕೆಲಸಕ್ಕೆ ಅದು ಬೇಕೇ ಬೇಕು. 2016ರಲ್ಲಿ ತಿರುವನಂತಪುರದಿಂದ ದುಬೈಗೆ ಹೋದ ಎಮಿರೇಟ್ಸ್ ವಿಮಾನ ರನ್‌ವೇ ಮೇಲೆ ಹೊಟ್ಟೆ ಉಜ್ಜಿಕೊಂಡು ನಿಂತಾಗ ಒಳಗಿದ್ದ 300 ಜನವೂ ಹೊರಗೆ ಬಂದರು. ಸುಮಾರು ಒಂಬತ್ತು ನಿಮಿಷಕ್ಕೆ ಇಂಧನದ ಟ್ಯಾಂಕ್ ಸಿಡಿದು ಒಬ್ಬ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಬಿಟ್ಟರು, ಜಾಸಿಂ ಇಸ್ಸಾ ಅಲ್ ಬಲೂಶಿ ಎಂದು ಅವರ ಹೆಸರು. (ಅಂಥ ಹೊತ್ತಿನಲ್ಲೂ ಮೇಲಿನ ಕಪಾಟು ತೆಗೆದು ಬ್ಯಾಗ್ ಎಳೆಯುತ್ತಿದ್ದವರ ವಿಡಿಯೋ ನೀವು ನೋಡಿರಬಹುದು. ಅದರ ಬಗ್ಗೆ ಬರೆದರೆ ಇನ್ನೊಂದು ಪತ್ರ ಆಗುತ್ತದೆ, ಕೋಪದ ಪತ್ರ.) 2024ರ ಜನವರಿ 2ರಂದು ಟೋಕಿಯೊದ ಹನೆಡಾದಲ್ಲಿ ಪೂರ್ತಿ ಸುಟ್ಟುಹೋದ ಎ350 ವಿಮಾನದಿಂದ 379 ಜನವೂ ಜೀವಂತ ಇಳಿದರು. ಗಡಿಯೊಳಗೆ ಬಿದ್ದರೆ ಎಲ್ಲ ಕಲಿತದ್ದೂ ಉಪಯೋಗಕ್ಕೆ ಬರುತ್ತದೆ ಎನ್ನುವುದಕ್ಕೆ ಇವು ಸಾಕ್ಷಿ. ಆದರೆ ವಿಮಾನ ಬೀಳುವಾಗ ನಮ್ಮ ಗಡಿ ಕೇಳಿಕೊಂಡು ಬೀಳುವುದಿಲ್ಲ.

ಹೊರಗಿನ ದಾರಿ ಹೇಗಿದೆ ನೋಡೋಣ. ನಮ್ಮ ಗಾಡಿ ಸುಮಾರು 3 ಮೀಟರ್ ಅಗಲ. ದೇವನಹಳ್ಳಿ, ಬೆಟ್ಟಕೋಟೆ, ಮೈಲನಹಳ್ಳಿ ಕಡೆಯ ಊರೊಳಗಿನ ರಸ್ತೆಗಳಲ್ಲಿ ಒಮ್ಮೆ ಟೇಪು ಹಿಡಿದು ಓಡಾಡಿ. ಎದುರಿಗೆ ಒಂದು ಟ್ರ್ಯಾಕ್ಟರ್ ಬಂದರೆ ಎರಡೂ ನಿಲ್ಲಬೇಕು. ತಲೆ ಮೇಲೆ ಜೋತುಬಿದ್ದ ಕೇಬಲ್, ಯಾರದೋ ಮನೆ ಮುಂದೆ ಊರವರೇ ಹಾಕಿಕೊಂಡ ಹಂಪು, ತಿರುವಿನಲ್ಲಿ ನಿಲ್ಲಿಸಿದ ಜಲ್ಲಿ ಲಾರಿ. ಬಳ್ಳಾರಿ ರಸ್ತೆ ಅಗಲವಾಗಿದೆ, ಸರಿ. ಸಂಜೆ ಆರಕ್ಕೆ ಸಾದಹಳ್ಳಿ ಹತ್ತಿರ ನಿಂತು ನೋಡಿ. ಸೈರನ್ ಹಾಕಿದರೂ ಜಾಗ ಬಿಡಲು ಅವರಿಗೆ ಜಾಗ ಇರಬೇಕಲ್ಲ? ಹಳೆಯ ಎಚ್‌ಎಎಲ್ ನಿಲ್ದಾಣದಲ್ಲಿ ಪ್ರಯಾಣಿಕರ ವಿಮಾನ ನಿಂತು 2008ಕ್ಕೇ ಮುಗಿಯಿತು. ಆದರೆ ಸಣ್ಣ ಜೆಟ್‌ಗಳು, ಪರೀಕ್ಷೆಯ ವಿಮಾನಗಳು ಈಗಲೂ ಹಾರುತ್ತವೆ. ಸುತ್ತ 1990ಕ್ಕಿಂತ ಎಷ್ಟೋ ಪಟ್ಟು ಮನೆ ಎದ್ದಿವೆ.

ಉತ್ತರ ಕರ್ನಾಟಕದ್ದು ಬೇರೆಯೇ ತಾಪತ್ರಯ. ಕಪ್ಪು ಮಣ್ಣಿನ ಸೀಮೆಯಲ್ಲಿ ಮಳೆ ಬಿದ್ದ ಮಾರನೇ ದಿನ ಹೊಲಕ್ಕೆ 30 ಟನ್ ಗಾಡಿ ಇಳಿಸಿದರೆ ಅದನ್ನು ಎಳೆಯಲು ಇನ್ನೊಂದು ಗಾಡಿ ಕರೆಸಬೇಕು. ಅಲ್ಲಿ ರನ್‌ವೇ ತುದಿಯಿಂದ ಒಂದು ಗಟ್ಟಿ ಗರಸಿನ ದಾರಿ ಇದ್ದರೂ ಸಾಕು. ಕೋಟಿಗಟ್ಟಲೆ ಖರ್ಚು ಮಾಡಿ ನಿಲ್ದಾಣ ಕಟ್ಟುವಾಗ ಈ ದಾರಿ ಯಾವ ಲೆಕ್ಕ?

ನೀರಿನ ಮಾತೂ ಇದೆ. ನಮ್ಮ ದೊಡ್ಡ ಗಾಡಿಯಲ್ಲಿ 12 ಸಾವಿರ ಲೀಟರ್ ಇದೆ ಎಂದರೆ ಜನ ಬಾಯಿ ಬಿಡುತ್ತಾರೆ. ಪೂರ್ತಿ ವೇಗದಲ್ಲಿ ಎರಚಿದರೆ ಅದು ಎರಡು ಮೂರು ನಿಮಿಷದ ಮಾತು. ಒಳಗಾದರೆ ಮತ್ತೆ ತುಂಬಿಕೊಳ್ಳಲು ತೊಟ್ಟಿಗಳಿವೆ. ಹೊರಗೆ? ಕೆರೆ ಒಣಗಿರುತ್ತದೆ ಅಥವಾ ಕೆರೆಯ ಜಾಗದಲ್ಲಿ ಲೇಔಟ್ ಇರುತ್ತದೆ. ಆದರೆ ನಮ್ಮ ಕಡೆ ಒಂದು ವ್ಯವಸ್ಥೆ ಆಗಲೇ ಇದೆ, ಸರ್ಕಾರ ಕಟ್ಟಬೇಕಾಗಿಲ್ಲ. ಖಾಸಗಿ ನೀರಿನ ಟ್ಯಾಂಕರ್‌ಗಳು! ಬೇಸಿಗೆಯಲ್ಲಿ ಪ್ರತಿ ಮನೆಯ ಫೋನಿನಲ್ಲೂ ಟ್ಯಾಂಕರ್‌ನವನ ನಂಬರ್ ಇರುತ್ತದೆ. ಅದೇ ನಂಬರ್ ನಿಲ್ದಾಣದ ವಾಚ್ ರೂಮಿನಲ್ಲೂ, ತಹಸೀಲ್ದಾರರ ಟೇಬಲ್ ಮೇಲೂ ಇರಲಿ. ಕರೆದಾಗ ಬಂದವರಿಗೆ ಮಾರನೇ ದಿನವೇ ದುಡ್ಡು ಕೊಡಿ. ಆರು ತಿಂಗಳು ಬಿಲ್ ಹಿಡಿದು ಅಲೆಸಿದರೆ ಮುಂದಿನ ಸಲ ಬರುವುದಿಲ್ಲ.

ಜಿಲ್ಲಾಧಿಕಾರಿಗಳೇ, ಯೋಜನಾ ಪ್ರಾಧಿಕಾರದವರೇ, ಇನ್ನೊಂದು ಮಾತು. ನಿಲ್ದಾಣದ ಸುತ್ತ ಕಟ್ಟಡ ಎಷ್ಟು ಎತ್ತರ ಇರಬೇಕು ಎನ್ನುವುದಕ್ಕೆ ಕಟ್ಟುನಿಟ್ಟು ನಿಯಮ ಇದೆ, ಎನ್‌ಒಸಿ ಇಲ್ಲದೆ ಕಟ್ಟುವಂತಿಲ್ಲ. ಅದು ವಿಮಾನಕ್ಕೆ ಕಟ್ಟಡ ಅಡ್ಡ ಬಾರದಿರಲಿ ಎಂದು. ಕಟ್ಟಡದಲ್ಲಿ ಎಷ್ಟು ಜನ ಇರುತ್ತಾರೆ ಎನ್ನುವುದನ್ನು ಎತ್ತರದ ನಿಯಮ ಕೇಳುವುದಿಲ್ಲ. ಬ್ರಿಟನ್ನಿನಲ್ಲಿ ರನ್‌ವೇ ತುದಿಗಳ ಆಚೆ ಸಾರ್ವಜನಿಕ ಸುರಕ್ಷತಾ ವಲಯ ಎಂದು ಗೆರೆ ಎಳೆದು, ಅಲ್ಲಿ ಹೆಚ್ಚು ಜನ ಸೇರುವ ಹೊಸ ಕಟ್ಟಡಕ್ಕೆ ಸಾಮಾನ್ಯವಾಗಿ ಒಪ್ಪಿಗೆ ಕೊಡುವುದಿಲ್ಲ. ದಶಕಗಳಿಂದ ಅವರಲ್ಲಿ ಈ ಪದ್ಧತಿ ಇದೆ. ನಮ್ಮಲ್ಲಿ ಎತ್ತರ ಸರಿ ಇದ್ದರೆ ರನ್‌ವೇ ನೇರಕ್ಕೇ ಶಾಲೆ, ಆಸ್ಪತ್ರೆ, ಪಿ.ಜಿ. ಹಾಸ್ಟೆಲ್ ಏಳಬಹುದು. ಶಿವಮೊಗ್ಗದ ಸೋಗಾನೆಯ ನಿಲ್ದಾಣ 2023ರಲ್ಲಷ್ಟೇ ಶುರುವಾಗಿದೆ. ಅಲ್ಲಿ ಸುತ್ತ ಇನ್ನೂ ಬಯಲಿದೆ. ಈಗ ಗೆರೆ ಎಳೆದರೆ ಯಾರ ಮನೆಯನ್ನೂ ಒಡೆಯಬೇಕಾಗಿಲ್ಲ. ಬೆಂಗಳೂರಿಗೆ ಎರಡನೇ ನಿಲ್ದಾಣ ಎಲ್ಲಿ ಎಂದು ಜಗಳ ಆಡುವಾಗ ಈ ಗೆರೆಯನ್ನೂ ನಕ್ಷೆಯ ಮೇಲೆ ಎಳೆದು ಜಗಳ ಆಡಿ.

ಇನ್ನು ಕಾಂಪೌಂಡಿನ ಪಕ್ಕದಲ್ಲಿರುವ ನಿಮಗೆ. ಅಣ್ಣಂದಿರೇ, ಅಕ್ಕಂದಿರೇ, ಹುಡುಗರೇ.

ವಿಮಾನ ಹೊರಗೆ ಬಿದ್ದರೆ ಮೊದಲು ತಲುಪುವುದು ನೀವೇ. ಇದು ಮಂಗಳೂರಿನಲ್ಲಿ ಆಯಿತು. 2020ರ ಆಗಸ್ಟ್ 7ರಂದು ಕೋಯಿಕ್ಕೋಡ್‌ನಲ್ಲಿ ವಿಮಾನ ಗುಡ್ಡದ ರನ್‌ವೇ ದಾಟಿ ಕೆಳಗೆ ಬಿದ್ದಾಗಲೂ ಆಯಿತು. ಜಡಿಮಳೆ, ಕೋವಿಡ್ ಕಾಲ. ಅಕ್ಕಪಕ್ಕದ ಊರಿನವರು ಗಾಯಾಳುಗಳನ್ನು ತಮ್ಮ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು, ಆಮೇಲೆ ಹೋಗಿ ಕ್ವಾರಂಟೈನ್ ಆದರು. 190 ಜನರಲ್ಲಿ 21 ಜನ ಸತ್ತರು. ಉಳಿದವರಲ್ಲಿ ಎಷ್ಟೋ ಜನ ಆ ಕಾರುಗಳ ಋಣದಲ್ಲಿದ್ದಾರೆ. ಹಾಗಾಗಿ "ಹತ್ತಿರ ಬರಬೇಡಿ, ದೂರ ನಿಲ್ಲಿ" ಅಂತ ಮಾತ್ರ ಹೇಳಿ ಮುಗಿಸಿದರೆ ಅದು ಸುಳ್ಳು ಸಲಹೆ. ನೀವು ಬರುತ್ತೀರಿ. ಬರುವವರಿಗೆ ಗೊತ್ತಿರಬೇಕಾದದ್ದನ್ನು ಹೇಳುತ್ತೇನೆ.

ಗಾಳಿ ಎತ್ತ ಬೀಸುತ್ತಿದೆ ನೋಡಿ. ಹೊಗೆ ಹೋಗುವ ಕಡೆ ನಿಲ್ಲಬೇಡಿ, ಗಾಳಿ ಬೆನ್ನಿಗೆ ಇರಲಿ. ವಿಮಾನದ ಇಂಧನ ಸೀಮೆಎಣ್ಣೆಯ ಜಾತಿಯದು, ಇಳಿಜಾರಿನಲ್ಲಿ ಹರಿದು ಚರಂಡಿಗೆ ಸೇರುತ್ತದೆ. ಆದ್ದರಿಂದ ತಗ್ಗಿನಲ್ಲಿ ನಿಲ್ಲಬೇಡಿ. ಬೀಡಿ ಸಿಗರೇಟು ಬೇಡವೇ ಬೇಡ, ಬೈಕ್ ಕೂಡ ದೂರ ನಿಲ್ಲಿಸಿ. ಇಂಜಿನ್ ಇನ್ನೂ ತಿರುಗುತ್ತಿದ್ದರೆ ಅದರ ಮುಂದೆಯೂ ಹಿಂದೆಯೂ ಹೋಗಬೇಡಿ. ಬ್ರೇಕ್ ಕಾದ ಚಕ್ರ ಸಿಡಿಯಬಹುದು, ಸಿಡಿದರೆ ಚೂರುಗಳು ಪಕ್ಕಕ್ಕೆ ಹಾರುತ್ತವೆ. ಚಕ್ರದ ಪಕ್ಕ ನಿಲ್ಲಬೇಡಿ. ಈಗಿನ ಹೊಸ ವಿಮಾನಗಳಲ್ಲಿ ಕಾರ್ಬನ್ ನಾರಿನ ಭಾಗ ಜಾಸ್ತಿ. ಬೋಯಿಂಗ್ 787ರಲ್ಲಿ ತೂಕದ ಅರ್ಧದಷ್ಟು ಇಂಥ ವಸ್ತುವೇ ಇದೆ. ಅದು ಸುಟ್ಟಾಗ ಏಳುವ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಸೀಳಿದ ಅಂಚು ಸೂಜಿಯ ಹಾಗೆ ಚುಚ್ಚುತ್ತದೆ. ಒದ್ದೆ ಟವೆಲ್ ಮೂಗಿಗೆ ಕಟ್ಟಿಕೊಂಡರೆ ಪೂರ್ತಿ ತಡೆಯುವುದಿಲ್ಲ, ಆದರೂ ಕಟ್ಟಿಕೊಳ್ಳಿ.

ತಾವೇ ನಡೆದು ಬರುತ್ತಿರುವವರನ್ನು ಮೊದಲು ದೂರ ಕರೆದುಕೊಂಡು ಹೋಗಿ ಒಂದೇ ಕಡೆ ಕೂರಿಸಿ. ಎಷ್ಟು ಜನ ಎಂದು ಎಣಿಸಿ. ನಾವು ಬಂದ ಮೇಲೆ ನಿಮ್ಮಿಂದ ನಮಗೆ ಬೇಕಾದ ಮೊದಲ ಮಾಹಿತಿ ಅದೇ. ಬಿದ್ದವರನ್ನು ಬೆಂಕಿ ಹತ್ತಿರ ಇಲ್ಲದಿದ್ದರೆ ಕೈಕಾಲು ಹಿಡಿದು ಎಳೆಯಬೇಡಿ, ಬೆನ್ನುಮೂಳೆ ಮುರಿದಿರಬಹುದು. ಬೆಂಕಿ ಹತ್ತಿರ ಇದ್ದರೆ ಬೇರೆ ಯೋಚನೆ ಮಾಡದೆ ಎಳೆಯಿರಿ. ಯಾರನ್ನಾದರೂ ಎಲ್ಲಾದರೂ ಮಲಗಿಸಿದರೆ ಪಕ್ಕದಲ್ಲೇ ಒಬ್ಬರು ನಿಂತುಕೊಳ್ಳಿ. ಇದನ್ನು ಒತ್ತಿ ಹೇಳಲು ಕಾರಣ ಇದೆ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏಷಿಯಾನಾ ವಿಮಾನ ಅಪ್ಪಳಿಸಿದಾಗ ನೆಲದ ಮೇಲೆ ಬಿದ್ದಿದ್ದ ಒಬ್ಬ ಹುಡುಗಿ ಫೋಮಿನ ಅಡಿ ಕಾಣದೆ ಹೋದಳು. ಅವಳ ಮೇಲೆ ಅಗ್ನಿಶಾಮಕ ವಾಹನ ಹರಿಯಿತು. ನಮ್ಮ ತರಬೇತಿಯಲ್ಲಿ ಆ ಘಟನೆ ಬಂದಾಗ ಯಾರೂ ಮಾತಾಡುವುದಿಲ್ಲ. ಬಿಳಿ ನೊರೆ ಹರಡಿದ ಮೇಲೆ ಮೇಲಿನ ಸೀಟಿನಿಂದ ನಮಗೆ ಏನೂ ಕಾಣುವುದಿಲ್ಲ. ನೀವು ನಿಂತು ಕೈ ಬೀಸಿದರೆ ಕಾಣುತ್ತದೆ.

ಮತ್ತೆ ರಸ್ತೆ. ನಿಮ್ಮಿಂದ ಆಗುವ ಅತಿ ದೊಡ್ಡ ಸಹಾಯ ಇದೇ. ಊರಿನ ನಾಲ್ಕು ಹುಡುಗರು ಕೂಡುರಸ್ತೆಯಲ್ಲಿ ನಿಂತು, ನೋಡಲು ಬರುವ ಬೈಕು ಕಾರುಗಳನ್ನು ಹೊಲದ ಕಡೆ ತಿರುಗಿಸಿ, ಒಂದು ಗಾಡಿ ಹೋಗುವಷ್ಟು ದಾರಿ ಖಾಲಿ ಇಟ್ಟರೆ ನಮಗೆ ಐದು ನಿಮಿಷ ಉಳಿಯುತ್ತದೆ. ಜಾತ್ರೆಯಲ್ಲಿ ತೇರಿಗೆ ದಾರಿ ಬಿಡಿಸುವುದು ನಿಮಗೆ ಯಾರೂ ಕಲಿಸಬೇಕಾಗಿಲ್ಲ, ಇದೂ ಅದೇ ಕೆಲಸ. ವಿಡಿಯೋ ಮಾಡುವವರನ್ನು ಹಿಡಿದು ಈ ಕೆಲಸಕ್ಕೆ ಹಚ್ಚಿ. 112ಕ್ಕೆ ಫೋನ್ ಮಾಡುವಾಗ "ಏರ್‌ಪೋರ್ಟ್ ಹತ್ತಿರ" ಎಂದು ಬಿಡಬೇಡಿ. ಯಾವ ಊರು, ಯಾವ ದೇವಸ್ಥಾನದ ಹಿಂದೆ, ಯಾವ ರಸ್ತೆಯಿಂದ ದೊಡ್ಡ ಗಾಡಿ ಬರಬಹುದು ಎಂದು ಹೇಳಿ. ನಮ್ಮ ಹತ್ತಿರ ಸುತ್ತಲಿನ ಪ್ರದೇಶದ ಚೌಕಗಳ ನಕ್ಷೆ ಇರುತ್ತದೆ. ಆದರೆ ಹೋದ ವಾರ ಯಾರೋ ಅಗೆದ ಪೈಪ್‌ಲೈನ್ ಗುಂಡಿ ಆ ನಕ್ಷೆಯಲ್ಲಿ ಇರುವುದಿಲ್ಲ. ಅದು ನಿಮಗೆ ಮಾತ್ರ ಗೊತ್ತು.

ಇಷ್ಟನ್ನು ನಾನು ಒಂದು ಪತ್ರದಲ್ಲಿ ಬರೆದೆ. ಇದನ್ನು ಪ್ರತಿ ವರ್ಷ ಒಂದು ದಿನ ಊರಿಗೆ ಬಂದು ತೋರಿಸಿಕೊಡಲು ನಮ್ಮಂಥವರಿಗೆ ಅನುಮತಿ ಕೊಡಿ, ಅಧಿಕಾರಿಗಳೇ. ಏಪ್ರಿಲ್ 14ಕ್ಕೆ ಅಗ್ನಿಶಾಮಕ ಸೇವಾ ದಿನ ಎಂದು ಹೇಗೂ ಆಚರಿಸುತ್ತೀರಿ. 1944ರಲ್ಲಿ ಮುಂಬೈ ಬಂದರಿನ ಹಡಗಿನ ಸ್ಫೋಟದಲ್ಲಿ ಸತ್ತ ನಮ್ಮವರ ನೆನಪಿಗೆ. ಅಂದು ಬ್ಯಾಡ್ಜ್ ಚುಚ್ಚಿ ಭಾಷಣ ಮಾಡುವುದರ ಜೊತೆಗೆ ಒಂದು ಗಾಡಿಯನ್ನು ಪಕ್ಕದ ಊರಿನ ಶಾಲೆ ಮೈದಾನಕ್ಕೆ ಓಡಿಸಿ. ದಾರಿಯಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎನ್ನುವುದು ಅಂದೇ ಗೊತ್ತಾಗುತ್ತದೆ, ಮಕ್ಕಳಿಗೂ ಗಾಡಿ ನೋಡಿದ ಖುಷಿ.

ಮುಂದಿನ ಮಾಕ್ ಡ್ರಿಲ್ ಬಗ್ಗೆ ನನ್ನ ಕೋರಿಕೆ ಇಷ್ಟು. ವಿಮಾನವನ್ನು ಈ ಸಲ ಕಾಂಪೌಂಡಿನ ಆಚೆ ಬೀಳಿಸಿ, ಒಂದು ಕಿಲೋಮೀಟರ್ ದೂರದ ಯಾವುದಾದರೂ ಹೊಲದಲ್ಲಿ. ಬೆಳಗ್ಗೆ 11 ಗಂಟೆ ಬೇಡ, ಸಂಜೆ ಆಫೀಸು ಬಿಡುವ ಹೊತ್ತಿಗೆ ಮಾಡಿ. ಆಂಬುಲೆನ್ಸಿನವರಿಗೂ ನಮಗೂ ಮೊದಲೇ ಹೇಳಬೇಡಿ. ಸಂಚಾರ ನೋಡಿಕೊಳ್ಳಲು ಪೊಲೀಸ್ ಕಮಿಷನರಿಗೆ ಮಾತ್ರ ಗೊತ್ತಿರಲಿ. ರನ್‌ವೇ ಮುಚ್ಚದ ಹಾಗೆ ಒಂದೇ ಗಾಡಿ ಕಳಿಸಿ ಸಾಕು. ಬೆಲ್ ಹೊಡೆದದ್ದು ಎಷ್ಟಕ್ಕೆ, ಗೇಟ್ ತೆರೆದದ್ದು ಎಷ್ಟಕ್ಕೆ, ಹೊಲಕ್ಕೆ ತಲುಪಿದ್ದು ಎಷ್ಟಕ್ಕೆ ಎಂದು ಮೂರು ಟೈಮು ಬರೆದುಕೊಳ್ಳಿ. ಆ ಮೂರು ಟೈಮನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿ. ಎಷ್ಟೇ ಕೆಟ್ಟದಾಗಿದ್ದರೂ ಅಂಟಿಸಿ. ಮಾರನೇ ವರ್ಷ ಅದರ ಕೆಳಗೆ ಹೊಸ ಟೈಮು ಬರೆಯುವ ಕೆಲಸಕ್ಕೆ ನಾನು ರಜೆ ಇದ್ದರೂ ಬರುತ್ತೇನೆ.

ಇಂತಿ,
ವಿಮಾನ ನಿಲ್ದಾಣದ ಒಬ್ಬ ಅಗ್ನಿಶಾಮಕ ಸಿಬ್ಬಂದಿ